ಬೆಂಕಿಗೂ ಯುದ್ಧಕ್ಕೂ ಮಣಿಯದ ಡಗ್ಲಸ್ ಕೋಟೆ ಕಲ್ಲಿದ್ದಲಿಗೆ ಕುಸಿದದ್ದು

ಸ್ಕಾಟ್ಲೆಂಡಿನ ದಕ್ಷಿಣ ಲ್ಯಾನಾರ್ಕ್‌ಷೈರ್‌ನ ಡಗ್ಲಸ್ ಎಂಬ ಊರಿನ ಬಳಿ ಹದಿಮೂರನೆಯ ಶತಮಾನದಿಂದಲೂ ಇದ್ದ ಕೋಟೆಯಲ್ಲಿ ಇಂದು ಉಳಿದಿರುವುದು ಮೂಲೆಯ ಒಂದು ಗೋಪುರದ ಪಾಳು ಮಾತ್ರ.

1307ರಲ್ಲಿ ಈ ಕೋಟೆ ಇಂಗ್ಲಿಷರ ಕೈಯಲ್ಲಿತ್ತು. ಗರಿಗಳ ಭಾನುವಾರ ಅವರ ಪಡೆ ಪ್ರಾರ್ಥನೆಗೆ ಚರ್ಚಿಗೆ ಹೋಗಿದ್ದಾಗ, ಸ್ಕಾಟ್ಲೆಂಡಿನ ದೊರೆ ರಾಬರ್ಟ್ ಬ್ರೂಸ್‌ನ ಬಂಟ ಸರ್ ಜೇಮ್ಸ್ ಡಗ್ಲಸ್ ಮೇಲೆ ಬಿದ್ದ. ಅದೇ ಶತಮಾನದ ಕಾವ್ಯವೊಂದು ಹೇಳುವಂತೆ, ಆತ ಉಗ್ರಾಣದ ದವಸಧಾನ್ಯವನ್ನೆಲ್ಲ ನೆಲಮಾಳಿಗೆಯಲ್ಲಿ ರಾಶಿ ಹಾಕಿಸಿ, ಮದ್ಯದ ಪೀಪಾಯಿಗಳನ್ನು ಒಡೆಸಿ, ಸೆರೆಸಿಕ್ಕವರ ತಲೆಗಳನ್ನು ಅದರ ಮೇಲೆಯೇ ಕಡಿಸಿ, ಬಾವಿಗೆ ಉಪ್ಪು ಮತ್ತು ಸತ್ತ ಕುದುರೆಗಳನ್ನು ಹಾಕಿಸಿ, ತನ್ನದೇ ಪಿತ್ರಾರ್ಜಿತ ಕೋಟೆಗೆ ಬೆಂಕಿಯಿಟ್ಟ. ಶತ್ರುವಿಗೆ ದಕ್ಕದಿದ್ದರೆ ಸಾಕೆಂಬ ಈ ಕ್ರೌರ್ಯ 'ಡಗ್ಲಸ್ ಉಗ್ರಾಣ' ಎಂಬ ಹೆಸರಿನಲ್ಲಿ ಜನರ ನೆನಪಿನಲ್ಲಿ ಉಳಿಯಿತು. ಕೋಟೆ ಮತ್ತೆ ಎದ್ದಿತು. 1455ರಲ್ಲಿ ಎರಡನೆಯ ಜೇಮ್ಸ್ ದೊರೆಯು ಡಗ್ಲಸ್ ಮನೆತನದ ಹಿರಿಯ ಶಾಖೆಯನ್ನು ಮುರಿದಾಗ ಇನ್ನೊಮ್ಮೆ ಹಾಳಾಗಿ ಇನ್ನೊಮ್ಮೆ ಎದ್ದಿತು.

1750ರ ದಶಕದ ಬೆಂಕಿಯಲ್ಲಿ ಆ ಕಟ್ಟಡವೂ ಹೋದ ಮೇಲೆ, ಡಗ್ಲಸ್‌ನ ಡ್ಯೂಕ್ ಆರ್ಚಿಬಾಲ್ಡ್ ಪ್ರಸಿದ್ಧ ವಾಸ್ತುಶಿಲ್ಪಿಗಳಾದ ಆ್ಯಡಮ್ ಸೋದರರಿಂದ ಕೋಟೆಯ ರೂಪದ ಭವ್ಯ ಬಂಗಲೆಯ ನಕ್ಷೆ ಮಾಡಿಸಿದ. ಆರ್ಗೈಲ್ ಡ್ಯೂಕನ ಇನ್ವರೇರಿ ಕೋಟೆಯನ್ನು ಮೀರಿಸಬೇಕೆಂಬುದು ಅವನ ಹಂಬಲ. ಆದರೆ 1761ರಲ್ಲಿ ಆತ ಮಕ್ಕಳಿಲ್ಲದೆ ತೀರಿಕೊಂಡಾಗ ಕಟ್ಟಡದ ಒಂದು ಭಾಗವಷ್ಟೇ ಎದ್ದಿತ್ತು. ಉಳಿದದ್ದು ಎಂದೂ ಪೂರ್ಣವಾಗಲಿಲ್ಲ. ಆಸ್ತಿ ಅವನ ತಂಗಿಯ ಮಗನಿಗೋ, ಹ್ಯಾಮಿಲ್ಟನ್ ಡ್ಯೂಕನಿಗೋ ಎಂಬ ವ್ಯಾಜ್ಯದಲ್ಲಿ, ಐವತ್ತರ ಪ್ರಾಯದಲ್ಲಿ ಆಕೆ ನಿಜಕ್ಕೂ ಹೆತ್ತಿದ್ದಳೇ ಎಂಬ ಪ್ರಶ್ನೆಯೇ ಮುಖ್ಯವಾಯಿತು. ಎಡಿನ್‌ಬರೋ ನ್ಯಾಯಾಲಯ 1767ರಲ್ಲಿ ಒಂದೇ ಮತದ ಅಂತರದಿಂದ ಮಗನ ವಿರುದ್ಧ ಕೊಟ್ಟ ತೀರ್ಪನ್ನು ಸಂಸತ್ತಿನ ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್ 1769ರಲ್ಲಿ ತಿರುಗಿಸಿತು. ಮುಂದೆ ಆಸ್ತಿ ಹೋಮ್ ಅರ್ಲ್‌ಗಳ (ಅರ್ಲ್ ಎಂದರೆ ಡ್ಯೂಕನಿಗಿಂತ ಕೆಳಗಿನ ಶ್ರೀಮಂತ ಪದವಿ) ವಂಶಕ್ಕೆ ಸಂದಿತು.

1930ರ ದಶಕದ ಆರ್ಥಿಕ ಕುಸಿತದಲ್ಲಿ ಸುತ್ತಲಿನ ಜನ ಕೆಲಸವಿಲ್ಲದೆ ಕಂಗೆಟ್ಟಿದ್ದರು. ಅವರಿಗೆ ಆಸರೆಯಾಗಲೆಂದು 13ನೆಯ ಅರ್ಲ್ ಬಂಗಲೆಯ ಪಕ್ಕದ ಉದ್ಯಾನದಲ್ಲಿ ಕಲ್ಲಿದ್ದಲು ಗಣಿಗಾರಿಕೆಗೆ ಒಪ್ಪಿಗೆ ಕೊಟ್ಟ. ಕಲ್ಲಿದ್ದಲಿನ ಪದರವನ್ನು ತೆಗೆದಂತೆ ಅದರ ಮೇಲಿನ ಬಂಡೆ ಟೊಳ್ಳಿಗೆ ಇಳಿಯುತ್ತದೆ; ನೆಲ ಎಲ್ಲೆಡೆ ಒಂದೇ ಸಮನೆ ಇಳಿಯದೆ ಓರೆಯಾಗುವುದರಿಂದ ಎತ್ತರದ ಕಲ್ಲುಗೋಡೆಗಳು ಸೀಳುತ್ತವೆ. ಬಂಗಲೆಯನ್ನು 1938ರಲ್ಲಿ ಕೆಡವಬೇಕಾಯಿತು. ಅಪಾಯ ಹೊಸದೇನೂ ಆಗಿರಲಿಲ್ಲ: ಅದೇ ಲ್ಯಾನಾರ್ಕ್‌ಷೈರ್‌ನ ಹ್ಯಾಮಿಲ್ಟನ್ ಅರಮನೆ 1920ರ ದಶಕದಲ್ಲಿ ನೆಲಸಮವಾದದ್ದಕ್ಕೂ ಕಲ್ಲಿದ್ದಲು ಗಣಿಯೇ ಒಂದು ಕಾರಣವಾಗಿತ್ತು.

ಆದರೂ ಅರ್ಲ್‌ನ ನಿರ್ಧಾರವನ್ನು ಅವಿವೇಕವೆನ್ನಲು ನನಗೆ ಮನಸ್ಸು ಬಾರದು. ಹಸಿದವರ ಕೂಳು ಮತ್ತು ತನ್ನ ಮನೆಯ ಗೋಡೆಗಳನ್ನು ಆತ ಒಬ್ಬನೇ ತೂಗಿ ನೋಡಬೇಕಾಯಿತು. ಸ್ಕಾಟ್ಲೆಂಡಿನ ಐತಿಹಾಸಿಕ ಕಟ್ಟಡಗಳನ್ನು ಪಟ್ಟಿಮಾಡಿ ರಕ್ಷಿಸುವ ಕಾನೂನು ಬಂದದ್ದು 1947ರಲ್ಲಿ.