ಟ್ಯೂಬಿನಲ್ಲೇ ಸವೆಯುವ ಗ್ಲೂಕೋಸ್

ಕಳೆದ ತಿಂಗಳು ಐವತ್ತರ ಆಸುಪಾಸಿನ ಮಹಿಳೆಯೊಬ್ಬರು ಎರಡು ವರದಿ ಹಿಡಿದು ನಮ್ಮ ಪ್ರಯೋಗಾಲಯಕ್ಕೆ ಬಂದರು. ಒಂದರಲ್ಲಿ ಖಾಲಿ ಹೊಟ್ಟೆಯ ಗ್ಲೂಕೋಸ್ ಡೆಸಿಲೀಟರಿಗೆ 98 ಮಿ.ಗ್ರಾಂ ಎಂದಿತ್ತು, ಇನ್ನೊಂದರಲ್ಲಿ ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಗ್ಲೂಕೋಸ್ ಮಟ್ಟವನ್ನು ತಿಳಿಸುವ ಪರೀಕ್ಷೆ) ಶೇ 6.9 ಎಂದಿತ್ತು. ಮೊದಲನೆಯದರ ಪ್ರಕಾರ ಅವರಿಗೆ ಮಧುಮೇಹವಿಲ್ಲ, ಎರಡನೆಯದರ ಪ್ರಕಾರ ಇದೆ. "ಡಾಕ್ಟ್ರೇ, ಇದರಲ್ಲಿ ಯಾವುದನ್ನು ನಂಬಲಿ?" ಎಂದು ಕೇಳಿದರು. ವಿಚಾರಿಸಿದಾಗ, ಬೆಳಿಗ್ಗೆ ಏಳಕ್ಕೆ ಮನೆಗೆ ಬಂದು ರಕ್ತ ತೆಗೆದವರು ಅದನ್ನು ಕೆಂಪು ಮುಚ್ಚಳದ ಸಾದಾ ಟ್ಯೂಬಿಗೆ ಹಾಕಿಕೊಂಡು, ಇನ್ನೂ ಹಲವು ಮನೆ ಸುತ್ತಿ, ಲ್ಯಾಬ್ ತಲುಪಿಸಿದ್ದು ಹನ್ನೊಂದು ಗಂಟೆಗೆ ಎಂದು ತಿಳಿಯಿತು.

ದೇಹದಿಂದ ಹೊರತೆಗೆದ ಮಾತ್ರಕ್ಕೆ ರಕ್ತದ ಕಣಗಳು ಸಾಯುವುದಿಲ್ಲ. ಕೆಂಪು ರಕ್ತಕಣದಲ್ಲಿ ಮೈಟೋಕಾಂಡ್ರಿಯ (ಕೋಶದೊಳಗೆ ಶಕ್ತಿ ತಯಾರಿಸುವ ಭಾಗ) ಇಲ್ಲದ ಕಾರಣ ಅದಕ್ಕೆ ಕೊಬ್ಬಿನಿಂದ ಶಕ್ತಿ ಪಡೆಯಲು ಬಾರದು. ಗ್ಲೂಕೋಸೊಂದೇ ಅದರ ಆಹಾರ. ಸ್ನಾಯುವಿನ ಕೋಶಗಳಂತೆ ಅದು ಗ್ಲೂಕೋಸ್ ಒಳಗೆಳೆದುಕೊಳ್ಳಲು ಇನ್ಸುಲಿನ್‌ಗಾಗಿ ಕಾಯುವುದೂ ಇಲ್ಲ. ಗ್ಲೂಕೋಸಿನ ಒಂದು ಅಣುವನ್ನು ಹತ್ತು ಹಂತಗಳಲ್ಲಿ ಒಡೆದು, ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣುಗಳನ್ನು ಎರಡು ಗಳಿಸಿ, ಉಳಿದದ್ದನ್ನು ಲ್ಯಾಕ್ಟೇಟ್ ರೂಪದಲ್ಲಿ ಹೊರಹಾಕುತ್ತದೆ. ಈ ಕೆಲಸ ಟ್ಯೂಬಿನೊಳಗೂ ನಡೆದೇ ಇರುವುದರಿಂದ, ಕೋಣೆಯ ಉಷ್ಣಾಂಶದಲ್ಲಿ ಗಂಟೆಗೆ ಸುಮಾರು ಶೇ 5ರಿಂದ 7ರಷ್ಟು ಗ್ಲೂಕೋಸ್ ಸವೆಯುತ್ತದೆ. ನಾಲ್ಕು ಗಂಟೆ ಹಾಗೇ ಇಟ್ಟರೆ 130 ಇದ್ದದ್ದು ನೂರರ ಸಮೀಪಕ್ಕೆ ಇಳಿದಿರುತ್ತದೆ. ಬೂದು ಮುಚ್ಚಳದ ಟ್ಯೂಬಿನಲ್ಲಿ ಸೋಡಿಯಂ ಫ್ಲೋರೈಡ್ ಇರುವುದು ಇದನ್ನು ತಡೆಯುವುದಕ್ಕೇ. ಆದರೆ ಫ್ಲೋರೈಡ್ ಕಟ್ಟಿಹಾಕುವುದು ಒಂಬತ್ತನೆಯ ಹಂತದ ಎನೊಲೇಸ್ ಕಿಣ್ವವನ್ನು. ಅದಕ್ಕೂ ಹಿಂದಿನ ಹಂತಗಳು ಸ್ವಲ್ಪ ಹೊತ್ತು ಗ್ಲೂಕೋಸನ್ನು ಕಬಳಿಸುತ್ತಲೇ ಇರುತ್ತವೆ. ಹಾಗಾಗಿ ಬೂದು ಟ್ಯೂಬಿನಲ್ಲಿಯೂ ಮೊದಲ ಒಂದೆರಡು ಗಂಟೆಯ ನಷ್ಟ ಪೂರ್ತಿ ತಪ್ಪುವುದಿಲ್ಲ. ಬೇಗನೆ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ರಕ್ತದ ದ್ರವಭಾಗವಾದ ಪ್ಲಾಸ್ಮಾವನ್ನು ಕಣಗಳಿಂದ ಬೇರ್ಪಡಿಸುವುದೇ ಸರಿಯಾದ ಕ್ರಮ.

ಎಚ್‌ಬಿಎ1ಸಿ ಅರ್ಥವಾಗಬೇಕಾದರೆ ಗ್ಲೂಕೋಸ್ ಅಣುವಿನ ರಚನೆಯನ್ನೇ ನೋಡಬೇಕು. ಆರು ಕಾರ್ಬನ್, ಹನ್ನೆರಡು ಹೈಡ್ರೋಜನ್, ಆರು ಆಕ್ಸಿಜನ್ ಪರಮಾಣುಗಳ ಈ ಅಣು ನೀರಿನಲ್ಲಿ ಬಹುಪಾಲು ಉಂಗುರದಂತೆ ಮುಚ್ಚಿಕೊಂಡಿರುತ್ತದೆ: ಸುಮಾರು ಶೇ 64 ಬೀಟಾ ರೂಪದಲ್ಲಿ, ಶೇ 36 ಆಲ್ಫಾ ರೂಪದಲ್ಲಿ. ಉಂಗುರ ಬಿಚ್ಚಿಕೊಂಡು ನೇರ ಸರಪಳಿಯಾಗಿರುವ ಅಣುಗಳು ಶೇ 1ಕ್ಕಿಂತ ಎಷ್ಟೋ ಕಡಿಮೆ. ಆದರೆ ಆ ನೇರ ಸರಪಳಿಯ ತುದಿಯಲ್ಲಿ ತೆರೆದ ಆಲ್ಡಿಹೈಡ್ ಗುಂಪು ಇರುತ್ತದೆ. ಅದು ಯಾವ ಕಿಣ್ವದ ನೆರವೂ ಇಲ್ಲದೆ ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತದೆ. ಇತರ ಆರು-ಕಾರ್ಬನ್ ಸಕ್ಕರೆಗಳಿಗೆ ಹೋಲಿಸಿದರೆ ಗ್ಲೂಕೋಸ್ ಹೀಗೆ ಬಿಚ್ಚಿಕೊಳ್ಳುವುದು ತೀರ ಅಪರೂಪ. ಜೀವಿಗಳಿಗೆ ಇದೇ ಮುಖ್ಯ ಇಂಧನವಾಗಲು ಈ ಸ್ವಭಾವವೂ ಕಾರಣವಿರಬಹುದು ಎಂಬ ವಾದ ನನಗೆ ಒಪ್ಪಿಗೆಯಾಗಿದೆ. ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯ ತುದಿಯ ವ್ಯಾಲೀನ್ ಎಂಬ ಅಮೈನೋ ಆಮ್ಲಕ್ಕೆ ಗ್ಲೂಕೋಸ್ ಅಂಟಿಕೊಂಡಾಗ ಆಗುವುದೇ ಎಚ್‌ಬಿಎ1ಸಿ. ಕೆಂಪು ಕಣ ಸುಮಾರು 120 ದಿನ ಬದುಕುವುದರಿಂದ, ಹಿಂದಿನ ಎರಡು ಮೂರು ತಿಂಗಳು ಅದು ಎಷ್ಟು ಗ್ಲೂಕೋಸಿನ ನಡುವೆ ತೇಲಾಡಿತ್ತು ಎಂಬುದರ ಗುರುತು ಅದರೊಳಗೇ ಉಳಿದಿರುತ್ತದೆ. ಟ್ಯೂಬಿನಲ್ಲಿ ನಾಲ್ಕು ಗಂಟೆ ಕಳೆದರೆ ಈ ಗುರುತು ಅಳಿಸಿಹೋಗುವುದಿಲ್ಲ.

ಹಾಗೆಂದು 6.9 ಅನ್ನು ಕಣ್ಣುಮುಚ್ಚಿ ನಂಬುವಂತೆಯೂ ಇರಲಿಲ್ಲ. ಆ ಮಹಿಳೆಯ ಕಣ್ಣಿನ ಕೆಳರೆಪ್ಪೆಯ ಒಳಭಾಗ ಬಿಳಿಚಿಕೊಂಡಿತ್ತು. ಪರೀಕ್ಷಿಸಿದಾಗ ಹಿಮೋಗ್ಲೋಬಿನ್ 9.4, ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಕೂಡ ಕಡಿಮೆ. ಕಬ್ಬಿಣದ ಕೊರತೆಯಿದ್ದಾಗ ಗ್ಲೂಕೋಸ್ ಹೆಚ್ಚದೆಯೂ ಎಚ್‌ಬಿಎ1ಸಿ ತುಸು ಏರಿ ಕಾಣಬಹುದು. ನಮ್ಮಲ್ಲಿ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯ ಎಂಬುದನ್ನು ನೆನೆದರೆ, ಹಿಮೋಗ್ಲೋಬಿನ್ ನೋಡದೆ ಈ ಪರೀಕ್ಷೆಯೊಂದರ ಮೇಲೆ ಮಧುಮೇಹವೆಂದು ತೀರ್ಮಾನಿಸುವುದು ನನಗೆ ಸರಿಕಾಣುವುದಿಲ್ಲ.

ಮರುದಿನ ಅವರನ್ನು ಖಾಲಿ ಹೊಟ್ಟೆಯಲ್ಲಿ ಬರಹೇಳಿ, ಬೂದು ಮುಚ್ಚಳದ ಟ್ಯೂಬಿನಲ್ಲಿ ರಕ್ತ ತೆಗೆದು, ಹತ್ತೇ ನಿಮಿಷದಲ್ಲಿ ಪ್ಲಾಸ್ಮಾ ಬೇರ್ಪಡಿಸಿದೆವು. ಗ್ಲೂಕೋಸ್ 131 ಬಂತು. ವಾರದ ನಂತರ ಹಾಗೆಯೇ ಮತ್ತೊಮ್ಮೆ ನೋಡಿದಾಗ 134. ಎರಡೂ 126ರ ಗಡಿ ದಾಟಿದ್ದರಿಂದ ಮಧುಮೇಹವಿರುವುದು ಖಚಿತವಾಯಿತು. ಈಗ ಅವರು ಮಧುಮೇಹದ ಔಷಧದ ಜೊತೆಗೆ ಕಬ್ಬಿಣದ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದಾರೆ. ಹಿಮೋಗ್ಲೋಬಿನ್ ಸರಿಹೋಗಿ ಹೊಸ ಕಣಗಳು ತುಂಬಿಕೊಳ್ಳುವವರೆಗೆ ಅವರ ಚಿಕಿತ್ಸೆಯ ಅಳತೆಗೋಲು ಎಚ್‌ಬಿಎ1ಸಿ ಅಲ್ಲ, ಸರಿಯಾಗಿ ತೆಗೆದ ರಕ್ತದ ಗ್ಲೂಕೋಸ್ ಎಂದು ಅವರ ವೈದ್ಯರಿಗೆ ಬರೆದು ಕಳುಹಿಸಿದ್ದೇನೆ.