ಹನ್ನೊಂದನೇ ದಿನದ ಮಾತ್ರೆ

ಜನವರಿ ಬಂತೆಂದರೆ ನನಗೆ ಫೋನ್ ಶುರು. "ಡಾಕ್ಟ್ರೇ, ನಮ್ಮ ಸಂಘದಿಂದ ಹಳ್ಳಿಯಲ್ಲಿ ಉಚಿತ ಆರೋಗ್ಯ ಶಿಬಿರ ಇಟ್ಟಿದ್ದೇವೆ, ಭಾನುವಾರ ಬನ್ನಿ." ಕರೆಯುವವರ ಮನಸ್ಸು ಒಳ್ಳೆಯದೇ. ಆದರೂ ನಾನು ಕೇಳುವುದು ಒಂದೇ: ಹತ್ತು ದಿನಕ್ಕೆ ಬಿಪಿ ಮಾತ್ರೆ ಕೊಡ್ತೀರಿ, ಹನ್ನೊಂದನೇ ದಿನ ಯಾರು ಕೊಡ್ತಾರೆ?

ಇದನ್ನು ಎಷ್ಟು ಸಲ ಹೇಳಿದರೂ ತಲೆಗೆ ಹೋಗುವುದಿಲ್ಲ. ಬಿಪಿ ಮಾತ್ರೆ ಜ್ವರದ ಮಾತ್ರೆಯಂತಲ್ಲ. ಮೂರು ದಿನ ನುಂಗಿದರೆ ಬಿಪಿ ವಾಸಿಯಾಗಲ್ಲ. ನುಂಗುತ್ತಿರುವಷ್ಟು ದಿನ ಹಿಡಿತದಲ್ಲಿರುತ್ತದೆ, ಅಷ್ಟೇ. ಶಿಬಿರಗಳಲ್ಲಿ ಕೊಡುವ ಆಮ್ಲೋಡಿಪಿನ್ ಎಂಬ ಬಿಪಿ ಮಾತ್ರೆ ಪೂರ್ತಿ ಕೆಲಸ ತೋರಿಸಲು ಒಂದೆರಡು ವಾರ ಬೇಕು. ಅಷ್ಟರಲ್ಲಿ ಸ್ಟ್ರಿಪ್ ಖಾಲಿ. ಬಿಪಿ ಮತ್ತೆ ಏರುತ್ತದೆ, ನೋವಿಲ್ಲದೆ, ಸದ್ದಿಲ್ಲದೆ. ಇನ್ನೊಂದು ಮಾತು. ಬಿಸಿಲಲ್ಲಿ ಸಾಲು ನಿಂತವರಿಗೆ ಒಂದೇ ಸಲ 150/94 ಬಂತೆಂದು ರೋಗಿ ಅಂತ ಬರೆಯಬೇಡಿ. ಬೇರೆ ದಿನವೂ 140/90 ದಾಟಿದರೆ ಆಮೇಲೆ ನೋಡೋಣ. ತೀರಾ ಜಾಸ್ತಿ ಇದ್ದರೆ ಕಾಯಬಾರದು, ಅದು ಬೇರೆ.

ಗುಂಡ್ಲುಪೇಟೆ ಕಡೆಯ ಒಬ್ಬ ಅಜ್ಜಿ ಒಮ್ಮೆ ಸೆರಗಿನ ಗಂಟು ಬಿಚ್ಚಿ, ಶಿಬಿರದವರು ಕೊಟ್ಟಿದ್ದ ಬಿಪಿ ಮಾತ್ರೆಯ ಖಾಲಿ ಸ್ಟ್ರಿಪ್ ತೋರಿಸಿದರು. "ಇದೇ ಮಾತ್ರೆ ಕೊಡು ಮಗ, ಬ್ಯಾರೆ ಬ್ಯಾಡ. ಮತ್ತೆ ಬತ್ತೀವಿ ಅಂದಿದ್ರು." ಎಂಟು ತಿಂಗಳು ಕಾದಿದ್ದರು. ಅಂದು ಬಿಪಿ 190/110. ನಾಲ್ಕು ಕಿಲೋಮೀಟರ್ ದೂರದ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರ, ಅಂದರೆ ಪಿಎಚ್‌ಸಿಯಲ್ಲಿ ಅದೇ ಮಾತ್ರೆ ಪುಕ್ಕಟೆ ಸಿಗುತ್ತಿತ್ತು. ಯಾರೂ ಹೇಳಿರಲಿಲ್ಲ. ನನಗೆ ಸಂಕಟವಾಗಿದ್ದು ಅದಕ್ಕೇ.

ಅದೇ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರು ಮಾಡಿದರು. ಅಲ್ಲಿನ ಕಾಡಿನ ಬುಡಕಟ್ಟಿನವರಾದ ಸೋಲಿಗರ ನಡುವೆ ಆಸ್ಪತ್ರೆಯೂ ಬಂತು, ಶಾಲೆಯೂ ಬಂತು. ಅವರು ಬಂದು ಹೋಗುವವರಾಗಿರಲಿಲ್ಲ, ಅಲ್ಲೇ ಉಳಿದರು. ಎಲ್ಲರಿಂದಲೂ ಅದು ಆಗದು, ಒಪ್ಪುತ್ತೇನೆ.

ಆಗುವಷ್ಟಾದರೂ ಮಾಡಿ. ಶಾಮಿಯಾನ, ಬ್ಯಾನರ್ ಖರ್ಚು ಬಿಡಿ. ಆ ಊರಿನ ಆಶಾ ಕಾರ್ಯಕರ್ತೆಯನ್ನು ಮೊದಲೇ ಕೂರಿಸಿ ಮಾತಾಡಿ. ಬಿಪಿ ಜಾಸ್ತಿ ಬಂದವರ ಹೆಸರು ಅವತ್ತೇ ಅವರ ಪುಸ್ತಕಕ್ಕೆ ಹೋಗಲಿ. ತಿಂಗಳಿಗೊಮ್ಮೆ ಪಿಎಚ್‌ಸಿಗೆ ಹೋಗಿ ಬರುವ ಆಟೋ ಬಾಡಿಗೆ ಒಂದು ವರ್ಷ ನೀವು ಕೊಡಿ. ಅಲ್ಲಿ ಮಾತ್ರೆ ಮುಗಿದಿದ್ದರೆ ಜನೌಷಧಿ ಅಂಗಡಿಯಿಂದ ತರಿಸಿ, ಅದಕ್ಕೆ ಭಾರಿ ದುಡ್ಡೇನೂ ಬೇಡ.

ಅಜ್ಜಿ ಈಗ ತಿಂಗಳಿಗೊಂದು ಸಂತೆ ದಿನ ಪಿಎಚ್‌ಸಿಗೆ ಹೋಗುತ್ತಾರೆ. ಹಳೇ ಸ್ಟ್ರಿಪ್ಪನ್ನೂ ಒಯ್ಯುತ್ತಾರೆ, ಹೊಸದು ಅದೇನಾ ಅಂತ ಪಕ್ಕದಲ್ಲಿಟ್ಟು ನೋಡಲು.