ಕಬ್ಬಿಣ ಉಸಿರಾಡುವ ಜೀವಿಗಳು

ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕ ಕಡೆಯ ಗುಡ್ಡದ ಬುಡದಲ್ಲಿ ಮುರಕಲ್ಲಿನ (ಕೆಂಪುಕಲ್ಲಿನ) ಸಂದಿಯಿಂದ ನೀರು ಒಸರುತ್ತಿರುತ್ತದೆ. ಕೆಲವು ಕಡೆ ಅದರ ಬಾಯಲ್ಲಿ ಕೇಸರಿ ಬಣ್ಣದ ಲೋಳೆ ಇರುತ್ತದೆ. ನಿಂತ ನೀರಿನ ಮೇಲೆ ಬಣ್ಣಬಣ್ಣದ ಪೊರೆ. ಯಾರೋ ಡೀಸೆಲ್ ಚೆಲ್ಲಿದ್ದಾರೆ ಅಂತ ಅನ್ನಿಸುತ್ತದೆ, ಅಲ್ವಾ? ಕಡ್ಡಿಯಿಂದ ಕದಡಿ ನೋಡಿ. ಎಣ್ಣೆಯಾದರೆ ಮತ್ತೆ ಕೂಡಿಕೊಳ್ಳುತ್ತದೆ. ಚೂರುಚೂರಾಗಿ ಒಡೆದು ಹಾಗೇ ಉಳಿದರೆ ಸಾಮಾನ್ಯವಾಗಿ ಅದು ಕಬ್ಬಿಣದ ಪೊರೆ. ಮಣ್ಣಿನಲ್ಲಿ ಗಟ್ಟಿಯಾಗಿದ್ದ ಕಬ್ಬಿಣವನ್ನು ಹೀಗೆ ನೀರಿಗಿಳಿಸುವುದರಲ್ಲಿ ಸೂಕ್ಷ್ಮಜೀವಿಗಳ ಪಾಲು ದೊಡ್ಡದು.

ನಾವು ಉಂಡ ಅನ್ನದಿಂದ ಬರುವ ಎಲೆಕ್ಟ್ರಾನುಗಳು ಕೊನೆಗೆ ಸೇರುವುದು ಆಮ್ಲಜನಕವನ್ನು. ನಮಗೆ ಉಸಿರು ಬೇಕಾಗುವುದೇ ಅದಕ್ಕೆ. ನೀರು ನಿಂತ ಏಣೇಲು (ಮಳೆಗಾಲದ ಬೆಳೆಯ) ಗದ್ದೆಯ ಕೆಸರಿನಲ್ಲಿ ಆಮ್ಲಜನಕ ಬೇಗ ಮುಗಿದುಹೋಗುತ್ತದೆ. ಆಗ ಅಲ್ಲಿನ ಕೆಲವು ಬ್ಯಾಕ್ಟೀರಿಯಾ ತಮ್ಮ ಎಲೆಕ್ಟ್ರಾನುಗಳನ್ನು ಮೈಯಿಂದ ಹೊರಗೆ ದಾಟಿಸಿ ಮಣ್ಣಿನ ಕಬ್ಬಿಣಕ್ಕೆ ಕೊಡುತ್ತವೆ. ತುಕ್ಕಿನ ರೂಪದಲ್ಲಿದ್ದ ಕಬ್ಬಿಣ ಕರಗುತ್ತದೆ. ಕೆಂಪು ಮಣ್ಣು ಬೂದು ಬಣ್ಣಕ್ಕೆ ತಿರುಗುತ್ತದೆ. ಭತ್ತದ ಬುಡ ಕಿತ್ತು ತೊಳೆದರೆ ಬೇರಿನ ಮೇಲೆ ತುಕ್ಕಿನ ಲೇಪ ಕಾಣುತ್ತದೆ. ಬೇರು ಹೊರಬಿಟ್ಟ ಆಮ್ಲಜನಕ ತಗುಲಿ ಕರಗಿದ ಕಬ್ಬಿಣ ಮತ್ತೆ ತುಕ್ಕಾಗಿರುತ್ತದೆ. ಇಷ್ಟೆಲ್ಲ ನಮ್ಮ ಕಾಲಡಿಯಲ್ಲೇ ನಡೆಯುತ್ತದೆ ಅನ್ನುವುದು ನನಗೆ ಈಗಲೂ ಬೆರಗು.

ಇಂಥದ್ದೊಂದು ಜೀವಿಯನ್ನು 1987ರಲ್ಲಿ ಸೂಕ್ಷ್ಮಜೀವಿ ವಿಜ್ಞಾನಿ ಡೆರೆಕ್ ಲವ್ಲಿ ಮತ್ತು ಸಂಗಡಿಗರು ಅಮೆರಿಕದ ಪೊಟೊಮ್ಯಾಕ್ ನದಿಯ ಕೆಸರಿನಿಂದ ಹೊರತೆಗೆದರು. ಮುಂದೆ ಅದಕ್ಕೆ ಜಿಯೋಬ್ಯಾಕ್ಟರ್ ಎಂಬ ಹೆಸರಾಯಿತು. ಇದರ ಹತ್ತಿರದ ಬಳಗದ ಒಂದು ಬ್ಯಾಕ್ಟೀರಿಯಾ ಕರೆಂಟು ಸಾಗಿಸಲು ಪ್ರೋಟೀನಿನ ಎಳೆ ಹೊರಚಾಚುತ್ತದೆ. ನಮ್ಮ ರಕ್ತದಲ್ಲೂ ಇರುವ ಹೀಮ್ ಎಂಬ ಕಬ್ಬಿಣದ ಅಣು ಆ ಎಳೆಯ ಉದ್ದಕ್ಕೂ ಸಾಲಾಗಿ ಕೂತಿದೆ ಎಂದು 2019ರಲ್ಲಿ ಕಂಡುಬಂತು.

ಕಬ್ಬಿಣದ ಬದಲು ಗ್ರಾಫೈಟ್ ಎಲೆಕ್ಟ್ರೋಡ್ (ಕರೆಂಟು ಹರಿಸುವ ಕಡ್ಡಿ) ಇಟ್ಟರೂ ಇವು ಎಲೆಕ್ಟ್ರಾನ್ ಕೊಡುತ್ತವೆ. ‘ಕೆಸರಿನಿಂದ ಕರೆಂಟು’ ಎಂಬ ಸುದ್ದಿಗಳು ಹುಟ್ಟುವುದು ಇಲ್ಲಿಂದಲೇ. ಆದರೆ ಬ್ಯಾಟರಿಯಂಥ ಇಂಥ ಒಂದು ಘಟಕದಿಂದ ಸಿಗುವುದು ಸುಮಾರು ಅರ್ಧ ವೋಲ್ಟ್. ಸಣ್ಣ ಸೆನ್ಸರ್ ಓಡಿಸಬಹುದು, ಮನೆ ಬೆಳಗಿಸಲು ಆಗದು. ಸುಮ್ನೆ ಆಸೆ ಹುಟ್ಟಿಸುವುದು ಸರಿಯಲ್ಲ. ಇವುಗಳ ನಿಜವಾದ ಬೆಲೆ ಕೊಳೆ ತೆಗೆಯುವುದರಲ್ಲಿದೆ. ಕೊಳಚೆ ನೀರು ಶುದ್ಧ ಮಾಡುವ ಘಟಕಗಳಲ್ಲಿ ಗಾಳಿ ಊದುವುದಕ್ಕೇ ವಿದ್ಯುತ್ ಜಾಸ್ತಿ ಬೇಕು. ಆಮ್ಲಜನಕದ ಬದಲು ಎಲೆಕ್ಟ್ರಾನು ಕೊಡಲು ಎಲೆಕ್ಟ್ರೋಡ್ ಇದ್ದರೆ ಆ ಖರ್ಚು ಕಡಿಮೆಯಾಗಬಹುದು.

ಅಮೆರಿಕದ ಕೊಲರಾಡೊದ ರೈಫಲ್ ಎಂಬಲ್ಲಿ ಅಂತರ್ಜಲಕ್ಕೆ ಯುರೇನಿಯಂ ಸೇರಿತ್ತು. ವಿಜ್ಞಾನಿಗಳು ನೆಲದೊಳಗೆ ಅಸಿಟೇಟ್ (ವಿನೆಗರಿನ ಆಮ್ಲದ ಲವಣ) ಇಳಿಸಿದರು. ಅದನ್ನು ತಿಂದು ಜಿಯೋಬ್ಯಾಕ್ಟರ್ ಬೆಳೆಯಿತು. ಅದು ಕೊಟ್ಟ ಎಲೆಕ್ಟ್ರಾನುಗಳಿಂದ ಯುರೇನಿಯಂ ಕರಗದ ರೂಪಕ್ಕೆ ತಿರುಗಿ ಮಣ್ಣಿನಲ್ಲೇ ಉಳಿಯಿತು. ಆಮ್ಲಜನಕ ತಗುಲಿದರೆ ಅದು ಮತ್ತೆ ಕರಗಬಹುದು. ಇನ್ನೂ ಒಂದು ಅಪಾಯವಿದೆ. ಕಬ್ಬಿಣ ಕರಗುವಾಗ ಅದಕ್ಕೆ ಅಂಟಿದ್ದ ಆರ್ಸೆನಿಕ್ ಕೂಡ ನೀರಿಗೆ ಬರಬಹುದು. ಬಂಗಾಳದ ಕೊಳವೆಬಾವಿಗಳ ಸಂಕಟಕ್ಕೆ ಇದು ಮುಖ್ಯ ಕಾರಣ. ಹಾಗಾಗಿ ಮಣ್ಣು ಪರೀಕ್ಷಿಸದೆ ಯಾವ ಬಾವಿಯಲ್ಲೂ ಇದನ್ನು ಮಾಡಬಾರದು.

ನಮ್ಮ ಜಿಲ್ಲೆಯಲ್ಲಿ ತೊಟ್ಟಿಯೊಳಗೇ ಮಾಡಬಹುದಾದ ಕೆಲಸವೊಂದಿದೆ. ರಬ್ಬರ್ ಶೀಟ್ ಮಾಡುವಾಗ ಆಸಿಡ್ ಹಾಕಿ ಹಾಲು ಗಟ್ಟಿಯಾದ ಮೇಲೆ ಉಳಿಯುವ ನೀರಿನಲ್ಲಿ ಸಕ್ಕರೆ, ಪ್ರೋಟೀನ್ ಇರುತ್ತವೆ. ಅದು ತೋಡಿಗೆ ಸೇರಿದರೆ ನಾತ. ಅದರ ಹುಳಿ ತೆಗೆದು, ಗದ್ದೆ ಕೆಸರು ಮತ್ತು ಎಲೆಕ್ಟ್ರೋಡ್ ಇರುವ ತೊಟ್ಟಿಯಲ್ಲಿ ಹಾಯಿಸಿ, ಒಳಹೋದ ಕೊಳೆ ಎಷ್ಟು, ಹೊರಬಂದದ್ದು ಎಷ್ಟು ಎಂದು ಒಂದು ಟ್ಯಾಪಿಂಗ್ ಹಂಗಾಮು ಪೂರ್ತಿ ಅಳೆಯಬೇಕು.